ಅಂಟಕ್ಕನ ಗಂಟು

ನಮ್ಮ ಬೀದಿಯಲ್ಲಿ ನನ್ನ ಓರಗಿತ್ತಿಯನ್ನು ಎಲ್ಲರೂ ಅಂಟಕ್ಕ ಎಂದೇ ಕರೆಯುತ್ತಾರೆ. ಚಪ್ಪಲಿಯ ಅಟ್ಟೆ ಬಾಯಿಬಿಟ್ಟರೆ, ಕನ್ನಡಕದ ಕಡ್ಡಿ ಮುರಿದರೆ, ಹೂಜಿಯ ಮೂತಿ ಒಡೆದರೆ ಜನ ಅವಳನ್ನು ಹುಡುಕಿಕೊಂಡು ಬರುತ್ತಾರೆ. ಅವಳು ಮುರಿದ ತುಂಡನ್ನು ಬೆಳಕಿಗೆ ಹಿಡಿದು ನೋಡಿ, ಮೂಸಿ, ಉಗುರಿನಿಂದ ಒಮ್ಮೆ ಕೆರೆದು, ಯಾವುದಕ್ಕೆ ಯಾವ ಅಂಟು ಎಂದು ಹೇಳಿಬಿಡುತ್ತಾಳೆ. ಹೇಳುವಾಗ ಅವಳ ಮುಖದಲ್ಲಿ ಒಂದು ಗತ್ತು ಇರುತ್ತದೆ. ಆ ಗತ್ತು ಅವಳಿಗೆ ಸಲ್ಲುತ್ತದೆ ಎಂದು ನಾನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಅವಳನ್ನು ಬೈಯುವುದೂ ಇದೆ.

ಒಡೆದದ್ದನ್ನು ಕೂಡಿಸುವುದು ಅವಳ ಕಸುಬಲ್ಲ, ಉಪಕಾರ. ಅಸಲು ಕಸುಬು ಮೀನುಗಾಳಕ್ಕೆ ಸುಳ್ಳುಹುಳ ಕಟ್ಟುವುದು. ನಮ್ಮ ಬೀದಿ ಇಳಿದು ಮುಗಿಯುವಲ್ಲಿ ನದಿ ಸಮುದ್ರ ಸೇರುವ ಅಳಿವೆ ಇದೆ. ಅಲ್ಲಿ ಕಲ್ಲುದಂಡೆಯ ಮೇಲೆ ನಿಂತು ಗಾಳದ ಕೋಲು ಬೀಸುವವರಿಗೆ ನಿಜವಾದ ಎರೆಹುಳ ಬೇಕಿಲ್ಲ. ಗಾಳದ ಮೇಲೆ ಗರಿ, ಕೂದಲು, ಮಿಂಚುದಾರ ಕಟ್ಟಿ, ಅದು ನೀರಿನಲ್ಲಿ ಸಣ್ಣ ಮೀನೋ ಸಿಗಡಿಯೋ ಅನ್ನಿಸುವಂತೆ ಮಾಡಿಕೊಟ್ಟರೆ ದೊಡ್ಡ ಮೀನು ಮೋಸಹೋಗಿ ಕಚ್ಚುತ್ತದೆ. ಸೀಸದ ತಲೆ ಇದ್ದು ಮುಳುಗುವುದು ಒಂದು ಜಾತಿ. ಬರೀ ಗರಿ ದಾರದ್ದು, ಸೀನಿದರೆ ಹಾರಿಹೋಗುವಷ್ಟು ಹಗುರದ್ದು ಇನ್ನೊಂದು. ಮನೆಯ ಮುಂದಿನ ಅಂಗಡಿಯಲ್ಲಿ ಅವಳ ಗಂಡ, ಅಂದರೆ ನನ್ನ ಭಾವ, ಕೂತು ಇವನ್ನು ಮಾರುತ್ತಾರೆ. ಮಾರುತ್ತಾರೆ ಎನ್ನುವುದಕ್ಕಿಂತ ಮಾತಾಡುತ್ತಾರೆ ಎನ್ನುವುದು ಸರಿ. ಹಿಂಬದಿಯ ವರಾಂಡದಲ್ಲಿ ಕಿಟಕಿಯ ಪಕ್ಕ ಅಕ್ಕನ ಮೇಜು. ಅದೇ ವರಾಂಡದ ಇನ್ನೊಂದು ತುದಿಯಲ್ಲಿ ನನ್ನ ಹೊಲಿಗೆ ಮೆಷಿನ್ನು.

ಓರಗಿತ್ತಿಯರಿಬ್ಬರು ಒಂದೇ ವರಾಂಡದಲ್ಲಿ ಕೆಲಸಮಾಡಿದರೆ ಏನಾಗಬೇಕೋ ಅದೆಲ್ಲ ಆಗಿದೆ. ನನಗೆ ಫ್ಯಾನ್ ಬೇಕು, ಅವಳಿಗೆ ಬೇಡ, ಗರಿ ಹಾರುತ್ತದಂತೆ. ಮದುವೆಗೆಂದು ಹೊಲಿದ ಒಂದು ರವಿಕೆಯ ತೋಳಿನೊಳಗೆ ಕೋಳಿಪುಕ್ಕ ಸೇರಿಕೊಂಡು, ಪಾಪ, ಆ ಹುಡುಗಿ ಮಂಟಪದಲ್ಲಿ ಉದ್ದಕ್ಕೂ ಕೈ ಕೆರೆದುಕೊಂಡಳು. ನಾನು ಆ ದಿನ ಮನೆ ಹಾರಿಹೋಗುವಂತೆ ಕೂಗಾಡಿದೆ. ಅಕ್ಕ ಎಲ್ಲ ಕೇಳಿಸಿಕೊಂಡು, ಕೊನೆಗೆ, “ಆ ಪುಕ್ಕ ಸಿಕ್ತಾ? ಒಳ್ಳೇದಾಗಿತ್ತು ಅದು,” ಎಂದಳು.

ಅಂಟಿನ ವಿಷಯದಲ್ಲಿ ಅವಳಿಗಿದ್ದ ಹಟ ನನಗೆ ನನ್ನ ಮಕ್ಕಳ ವಿಷಯದಲ್ಲೂ ಇಲ್ಲ. ಸೀಸದ ತಲೆಯ ಹಿಂದೆ ದಾರದ ಮೊದಲ ಸುತ್ತು ಜಾರದೆ ಕೂರಲು ಒಂದು ಹನಿ ಸೂಪರ್ ಗ್ಲೂ, ಅದೂ ಸೂಜಿಯ ತುದಿಯಲ್ಲಿ. ಹನಿ ಸ್ವಲ್ಪ ದಪ್ಪವಾದರೂ ಅದು ದಾರದ ಗುಂಟ ಹರಿದು ಗರಿಗೆ ಏರುತ್ತದೆ, ಗರಿ ಪೊರಕೆಕಡ್ಡಿಯಾಗುತ್ತದೆ. “ನೀರಲ್ಲಿ ಗರಿ ಉಸಿರಾಡ್ಬೇಕು ಕಣೇ. ಸತ್ತು ಸೆಟೆದುಕೊಂಡಿರೋದನ್ನ ಯಾವ ಮೀನು ತಿನ್ನುತ್ತೆ?” ಎನ್ನುತ್ತಿದ್ದಳು. ಹಗುರದ ಹುಳಗಳ ತಲೆಗೆ ಬಣ್ಣವಿಲ್ಲದ ಉಗುರು ಪಾಲಿಶ್, ತೆಳ್ಳಗೆ ಎರಡು ಸಲ. ಮೊದಲನೆಯದು ದಾರದೊಳಗೆ ಇಳಿಯಬೇಕು, ಎರಡನೆಯದು ಮೇಲೆ ನಿಂತು ಹೊಳೆಯಬೇಕು. ಆ ಪಾಲಿಶ್ ಮಾರುತ್ತಿದ್ದ ಬಳೆ ಅಂಗಡಿಯವಳು ನಮ್ಮ ಮನೆಯ ಹೆಂಗಸರಷ್ಟು ಶೋಕಿಯವರು ಈ ಲೋಕದಲ್ಲೇ ಇಲ್ಲ ಎಂದುಕೊಂಡಿದ್ದಳು. ಅಕ್ಕನ ಉಗುರು ನೋಡಿದ್ದರೆ ಅವಳಿಗೆ ಗೊತ್ತಾಗುತ್ತಿತ್ತು, ಮಾಂಸಕ್ಕೆ ಹತ್ತುವಂತೆ ಕತ್ತರಿಸಿಕೊಂಡಿರುತ್ತಾಳೆ.

ಇನ್ನು ಹುಳದ ಕಣ್ಣು. ಮೀನು ಕಣ್ಣು ನೋಡಿಯೇ ಕಚ್ಚುವುದಂತೆ, ಹಾಗಾಗಿ ಅದು ಬೀಳಬಾರದು. ಅದಕ್ಕೆ ಎರಡು ಟ್ಯೂಬಿನ ಅಂಟು. ಎರಡನ್ನೂ ಸಮಸಮ ತೆಗೆದು ಗುಳ್ಳೆ ಬರದಂತೆ ನಿಧಾನಕ್ಕೆ ಕಲಸಿ ಹಚ್ಚಿದ ಮೇಲೆ, ಅದು ಬಿಗಿಯುವ ತನಕ ಗಾಳವನ್ನು ಮೆಲ್ಲಗೆ ತಿರುಗಿಸುತ್ತಲೇ ಇರಬೇಕು. ಇಲ್ಲದಿದ್ದರೆ ಅಂಟು ಕೆಳಗಿಳಿದು ಭಾವನ ಹೊಟ್ಟೆಯ ಹಾಗೆ ಜೋತುಬೀಳುತ್ತದೆ. ಬಿಸಿಲಿಗೆ ಆ ಅಂಟು ಹಳದಿಯಾಗುತ್ತದೆ, ಆದ್ದರಿಂದ ಬಿಳಿ ಹುಳಗಳಿಗೆ ಅದು ಆಗದು. ಅವಕ್ಕೆ ಬೆಳಕಿನ ಅಂಟು ಎಂದು ಒಂದು ಬಂತು. ಹಚ್ಚಿ, ಪುಟ್ಟ ನೀಲಿ ಟಾರ್ಚು ಹಿಡಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಗಾಜಾಗುತ್ತಿತ್ತು. ಅದು ಮನೆಗೆ ಬಂದ ಹೊಸತರಲ್ಲಿ ಅಕ್ಕ ಆ ಟಾರ್ಚನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದಳು ಎಂದು ಭಾವ ಹೇಳಿಕೊಂಡು ತಿರುಗಿದರು.

ಮಾಡಿದ್ದನ್ನೆಲ್ಲ ಪರೀಕ್ಷೆ ಮಾಡುವುದಕ್ಕೆ ಒಂದು ಡಬ್ಬಿ ಇತ್ತು. ಅದರೊಳಗೆ ನೀರು, ಒಂದು ಮುಷ್ಟಿ ಬೆಣಚುಕಲ್ಲು, ಚೂಪುತುದಿ ಕತ್ತರಿಸಿದ ಒಂದು ಸುಳ್ಳುಹುಳ. ಮನೆಗೆ ಯಾರೇ ಬರಲಿ, ಕುಡಿಯಲು ನೀರು ಕೊಡುವ ಮೊದಲು ಅವರ ಕೈಗೆ ಡಬ್ಬಿ ಕೊಡುತ್ತಿದ್ದಳು. ಮಾತಾಡುತ್ತಾ ಅಲ್ಲಾಡಿಸುತ್ತಿರಬೇಕು. ಹೊರಡುವಾಗ ಮುಚ್ಚಳ ತೆಗೆದು ನೋಡಿ, ಕಣ್ಣು ಕೂತಲ್ಲೇ ಕೂತಿದ್ದರೆ, ತಲೆಯ ಹೊಳಪು ಚಕ್ಕೆ ಏಳದಿದ್ದರೆ ಆ ಅಂಟು ಪಾಸು. ನನ್ನ ತವರಿನಿಂದ ಅಮ್ಮ ಬಂದಾಗಲೂ ಬಿಡಲಿಲ್ಲ. “ನಿನ್ನ ಓರಗಿತ್ತಿ ಒಳ್ಳೆಯವಳೇ, ಆದ್ರೆ ನಿಮ್ಮನೆಗೆ ಬಂದ್ರೆ ರಟ್ಟೆ ಬಿದ್ದುಹೋಗುತ್ತೆ,” ಎಂದು ಅಮ್ಮ ಗೊಣಗಿದಳು.

ಒಂದು ಸಲ ಕಪ್ಪು ಹುಳಗಳಿಗೆ ಸೂಪರ್ ಗ್ಲೂ ಹಾಕಿ, ಆರುವ ಮೊದಲೇ ಡಬ್ಬಕ್ಕೆ ತುಂಬಿ ಮುಚ್ಚಳ ಬಿಗಿದುಬಿಟ್ಟಳು. ಒಳಗೇ ಸುತ್ತಿದ ಅಂಟಿನ ಆವಿ ಕೂತು, ತೆರೆದು ನೋಡಿದರೆ ಎಲ್ಲದರ ಮೇಲೂ ಬೂದಿ ಎರಚಿದ ಹಾಗೆ ಬಿಳಿ. “ಹೊಸ ತಳಿ ಅಂತ ಮಾರಿಬಿಡೋಣ ಬಿಡು,” ಎಂದರು ಭಾವ. ಅಕ್ಕ ಅಷ್ಟನ್ನೂ ಬಿಚ್ಚಿ, ಗಾಳಗಳನ್ನು ಮಾತ್ರ ಉಳಿಸಿಕೊಂಡು, ಮಿಕ್ಕಿದ್ದನ್ನು ತಿಪ್ಪೆಗೆ ಸುರಿದಳು. ಅವಳು ಅಂಥವಳು. ನನಗೆ ಅವಳ ಮೇಲೆ ಕೋಪ ಬರುತ್ತದೆ, ಆದರೆ ತಪ್ಪು ಎನ್ನಲು ಆಗುವುದಿಲ್ಲ.

ಇಷ್ಟು ಪ್ರೀತಿಸಿದ ಆ ಅಂಟೇ ಅವಳ ಕೈಗೆ ಮುಳುವಾಯಿತು. ಮೊದಲು ಬೆರಳ ತುದಿಯಲ್ಲಿ ನವೆ. ಪಾತ್ರೆ ಸೋಪಿನದ್ದು ಎಂದಳು. ಆಮೇಲೆ ಚರ್ಮ ಒಣಗಿ ಸೀಳಿತು. ಚಳಿ ಎಂದಳು. ತೆಳು ಕೈಗವಸು ಹಾಕಿಕೊಂಡು ಕಟ್ಟತೊಡಗಿದಳು. ಒಂದು ಬೆಳಗ್ಗೆ ಎದ್ದಾಗ ಕಣ್ಣಿನ ರೆಪ್ಪೆಗಳೆರಡೂ ಬನ್ನಿನಂತೆ ಊದಿದ್ದವು. ನನ್ನ ಪಿತ್ತ ನೆತ್ತಿಗೇರಿತು. “ಇದೂ ಸೋಪಿನದ್ದೇನಾ?” ಎಂದು ಕೈ ಹಿಡಿದು ಎಳೆದುಕೊಂಡು ಹೋದೆ.

ಚರ್ಮದ ಡಾಕ್ಟರಮ್ಮ ಅಕ್ಕನ ಮೇಜಿನ ಮೇಲಿದ್ದ ಸೀಸೆಗಳನ್ನೆಲ್ಲ ತರಿಸಿಕೊಂಡರು. ಯಾವುದು ಮೈಗೆ ಆಗುತ್ತಿಲ್ಲ ಎಂದು ನೋಡಲು, ಒಂದೊಂದರಲ್ಲೂ ಇರುವ ರಾಸಾಯನಿಕದ ಬಿಂದುವನ್ನು ಪಟ್ಟಿಗೆ ಹಾಕಿ ಅವಳ ಬೆನ್ನಿಗೆ ಅಂಟಿಸಿ ಕಳಿಸಿದರು. ಪಟ್ಟಿ ಕಿತ್ತ ದಿನ ನಾನೂ ನೋಡಿದೆ. ಸೂಪರ್ ಗ್ಲೂ ಇದ್ದಲ್ಲಿ ಕೆಂಪು, ಎರಡು ಟ್ಯೂಬಿನದಕ್ಕೆ ಕೆಂಪು, ಉಗುರು ಪಾಲಿಶಿಗೆ ಕೆಂಪು, ಬೆಳಕಿನ ಅಂಟಿನ ಜಾಗದಲ್ಲಂತೂ ಬೊಕ್ಕೆ ಎದ್ದಿತ್ತು.

“ಇದು ವಾಸಿಯಾಗಿ ಹೋಗೋ ಕಾಯಿಲೆ ಅಲ್ಲಮ್ಮ,” ಎಂದರು ಡಾಕ್ಟರಮ್ಮ. “ಮೈ ಒಂದ್ಸಲ ಬೇಡ ಅಂದ್ರೆ ಬೇಡವೇ. ಈ ಅಂಟುಗಳನ್ನ ಇನ್ಮೇಲೆ ಮುಟ್ಟಬಾರದು. ತೆಳು ಕೈಗವಸು ದಾಟ್ಕೊಂಡು ಒಳಗೆ ಹೋಗುತ್ತೆ. ಹಸಿ ಅಂಟಿನ ಹತ್ರ ಕೂತ್ಕೊಂಡ್ರೂ ಕಣ್ಣು ಊದುತ್ತೆ.”

“ಕಟ್ಟೋದು?” ಎಂದು ಕೇಳಿದಳು ಅಕ್ಕ.

“ಅಂಟಿಲ್ಲದೆ ಆಗುತ್ತೆ ಅಂದ್ರೆ ಕಟ್ಟಿ. ಅದು ನಿಮಗೇ ಗೊತ್ತಿರೋದು.”

ಆ ಹೊತ್ತಿಗೆ ಸರಿಯಾಗಿ ದೊಡ್ಡ ಮೀನು ಅಳಿವೆಗೆ ಬರುವ ಕಾಲ ಹತ್ತಿರವಾಗಿತ್ತು. ಗಡ್ಡದವರು ಎಂದು ನಾವು ಕರೆಯುವ ಒಬ್ಬರಿದ್ದಾರೆ. ಗಾಳದ ಹುಚ್ಚಿನವರನ್ನು ದೋಣಿಯಲ್ಲಿ ಕರೆದುಕೊಂಡು ಹೋಗುವುದು ಅವರ ಉದ್ಯೋಗ. ಪ್ರತಿ ಸಲವೂ ತಮ್ಮ ದೋಣಿಗಳಿಗೆ ಬೇಕಾದ ಸುಳ್ಳುಹುಳವನ್ನೆಲ್ಲ ಅಕ್ಕನಿಂದಲೇ ಕೊಳ್ಳುತ್ತಿದ್ದರು. ಅವರು ತಲೆಯಾಡಿಸಿದರೆ ಕಲ್ಲುದಂಡೆಯವರೆಲ್ಲ ತಲೆಯಾಡಿಸುತ್ತಾರೆ, ಅವರು ಮೂಗು ಮುರಿದರೆ ಎಲ್ಲರದೂ ಅದೇ. ಅವರಿಗೆ ಮಾಲು ಕೊಡದಿದ್ದರೆ ಅಕ್ಕನ ಮೇಜು ಎತ್ತಿಟ್ಟ ಹಾಗೆಯೇ.

ಭಾವ ಮೊದಲು ಧೈರ್ಯ ಹೇಳಿದರು. “ನೀನು ಕಟ್ಟು, ಅಂಟು ನಾನು ಹಚ್ತೀನಿ. ಅದೇನು ಬ್ರಹ್ಮವಿದ್ಯೆನಾ?” ಅಂಗಡಿಯಲ್ಲಿ ಕೂತು ಹಚ್ಚಿದರು. ಸ್ವಲ್ಪ ಹೊತ್ತಿಗೆ, “ಇಲ್ಲಿ ಬರ್ತೀರಾ ಯಾರಾದ್ರೂ?” ಎಂದು ತಗ್ಗಿದ ದನಿ ಕೇಳಿತು. ಹೋಗಿ ನೋಡಿದರೆ ಹೆಬ್ಬೆರಳು ಕಪಾಟಿನ ಗಾಜಿಗೆ ಅಂಟಿಕೊಂಡಿದೆ, ಎದುರಿಗೆ ಗಿರಾಕಿ ನಿಂತಿದ್ದಾನೆ, ಇವರು ಗಾಜಿಗೆ ಒರಗಿಕೊಂಡು ನಿಂತದ್ದೇ ಸ್ಟೈಲು ಎಂಬಂತೆ ಮಾತಾಡುತ್ತಿದ್ದಾರೆ. ಬಿಸಿನೀರು ಸೋಪು ಹಾಕಿ ಬಿಡಿಸುವಾಗ ನಾನು ನಕ್ಕು ನಕ್ಕು ಸುಸ್ತಾದೆ. ಅಕ್ಕ ನಗಲಿಲ್ಲ. ಭಾವ ಮಾಡಿಟ್ಟಿದ್ದ ಹುಳಗಳನ್ನು ಬಾಗಿಲಿನಿಂದಲೇ ನೋಡಿದಳು. ಗರಿಗಳೆಲ್ಲ ಕಡ್ಡಿಯಾಗಿದ್ದವು.

“ಫ್ಯಾಕ್ಟರಿ ಮಾಲು ತರಿಸಿಬಿಡೋಣ,” ಎಂದರು ಭಾವ, ಹೆಬ್ಬೆರಳಿಗೆ ಬಾಯಿಂದ ಗಾಳಿ ಊದಿಕೊಳ್ಳುತ್ತಾ. “ನೀನು ಗಲ್ಲಾಪೆಟ್ಟಿಗೆ ಹತ್ರ ಕೂತ್ಕೋ. ಸಾಕು ಇಷ್ಟು ದಿನ ದುಡಿದಿದ್ದು.”

ಅವರು ಕೆಟ್ಟದ್ದಕ್ಕೆ ಹೇಳಲಿಲ್ಲ. ಆದರೆ ಆ ಮಾತು ಕೇಳಿ ಅಕ್ಕನ ಮುಖ ಹೇಗಾಯಿತು ಎಂದು ನೋಡಿದವಳು ನಾನು. ಕೈ ಸೀಳಿದಾಗ ಅಳದವಳು ಈಗ ಹೋಗಿ ತನ್ನ ಮೇಜಿನ ಇಕ್ಕಳವನ್ನು, ಗಾಳ ಕಚ್ಚಿಸುವ ಆ ಪುಟ್ಟ ಇಕ್ಕಳವನ್ನು, ಸುಮ್ಮನೆ ಒರೆಸುತ್ತಾ ಕೂತಳು. ನನಗೆ ತಡೆಯಲಾಗಲಿಲ್ಲ.

“ಎಷ್ಟೊತ್ತು ಒರೆಸ್ತೀಯ ಅಕ್ಕ? ಡಾಕ್ಟರಮ್ಮ ಕಟ್ಟಬೇಡ ಅಂದ್ರಾ? ಅಂಟು ಬೇಡ ಅಂದ್ರು. ನಿನಗೆ ಎರಡೂ ಒಂದೇನಾ?”

“ಕೂಗಬೇಡ, ಯೋಚನೆ ಮಾಡ್ತಿದೀನಿ,” ಎಂದಳು.

ಯೋಚನೆ ಪಕ್ಕದ ಬೀದಿಯ ಪಾಲಿಶ್‌ನವರ ಅಂಗಡಿಗೆ ಕರೆದುಕೊಂಡು ಹೋಯಿತು. ಹಳೆಯ ಕುರ್ಚಿ, ಪೆಟ್ಟಿಗೆಗಳಿಗೆ ಹೊಳಪು ಕೊಡುವವರು ಅವರು. ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗು ಒಂದು ಸೀಸೆ, ಎಣ್ಣೆ ವಾರ್ನಿಶ್ ಒಂದು ಸೀಸೆ ಕೊಟ್ಟರು. ಡಾಕ್ಟರಮ್ಮ ಹೇಳಿಕೊಟ್ಟ ಹಾಗೆ ಅಕ್ಕ ಎರಡನ್ನೂ ಮೊದಲು ಮೊಣಕೈಯ ಒಳಮಡಿಕೆಗೆ ಹಚ್ಚಿಕೊಂಡು ಕಾದಳು. ಕೈ ಒಪ್ಪಿದ ಮೇಲೆಯೇ ಡಬ್ಬಿಯ ಸರದಿ. ಬರೀ ಅರಗು ನೀರಿನಲ್ಲಿ ಬೆಳ್ಳಗಾಗಿ ಮೆತ್ತಗಾಯಿತು. ಬರೀ ವಾರ್ನಿಶ್ ದಾರದೊಳಗೆ ಇಳಿಯಲಿಲ್ಲ. ಒಳಗೆ ಅರಗು ಕುಡಿಸಿ ಒಣಗಿದ ಮೇಲೆ ಹೊರಗೆ ವಾರ್ನಿಶ್ ಹಚ್ಚಿದರೆ ಹೊಳಪೇನೋ ನಿಂತಿತು, ಆದರೆ ಆರುವುದಕ್ಕೆ ಅದರದೇ ಸಮಯ ಬೇಕು. ಧೂಳು ಕೂರದಿರಲೆಂದು ಭಾವನ ಸೊಳ್ಳೆಪರದೆಯನ್ನು ವರಾಂಡದಲ್ಲಿ ಕಟ್ಟಿ ಅದರೊಳಗೆ ಹುಳಗಳನ್ನು ಸಾಲಾಗಿ ನೇತುಹಾಕಿದಳು. ನಿಜವಾದ ಸೊಳ್ಳೆಗಳು ಭಾವನ ಪಾಲಿಗೆ ಬಂದವು.

ಕಣ್ಣು ಅಂಟಿಸುವಂತಿಲ್ಲವಲ್ಲ, ಅದಕ್ಕೆ ಮಣಿಸರಪಳಿ ಹುಡುಕಿದಳು. ಲೋಹದ ಪುಟ್ಟ ಮಣಿಗಳ ಸರಪಳಿಯಲ್ಲಿ ಎರಡು ಮಣಿ ಕತ್ತರಿಸಿಕೊಂಡು, ನಡುವಿನ ಕಡ್ಡಿಯ ಮೇಲೆ ದಾರವನ್ನು ಅಡ್ಡಡ್ಡ ಸುತ್ತಿದರೆ ತಲೆಯ ಆಚೆ ಈಚೆ ಎರಡು ಕಣ್ಣು. ಕಟ್ಟಿದ ಕಣ್ಣು, ಬೀಳುವ ಮಾತೇ ಇಲ್ಲ. ಆ ಸರಪಳಿ ಎಲ್ಲಿಂದ ಬಂತು ಎಂದು ನನ್ನ ಕೈಚೀಲದ ಹಿಡಿಕೆ ಮಾಯವಾದ ಮೇಲೆ ಗೊತ್ತಾಯಿತು. ಹೋಗಲಿ ಬಿಡಿ.

ದೊಡ್ಡ ತೊಂದರೆ ಬೇರೆಯೇ ಇತ್ತು. ಅಳಿವೆಯ ಮೀನಿಗೆ ಹಲ್ಲು ಜಾಸ್ತಿ. ಅದು ಕಚ್ಚಿ ಒದ್ದಾಡುವಾಗ ದಾರದ ಒಂದಾದರೂ ಎಳೆ ತುಂಡಾಗುತ್ತದೆ. ಮೊದಲಾದರೆ ಅಂಟು ಉಳಿದ ಸುತ್ತುಗಳನ್ನು ಹಿಡಿದಿಡುತ್ತಿತ್ತು. ಈಗ ಅಕ್ಕ ಬ್ಲೇಡಿನಿಂದ ಒಂದು ಸುತ್ತನ್ನು ಕೊಯ್ದು ನೋಡಿದಳು. ಅರಗು ಪಟ್ ಎಂದು ಬಿರಿಯಿತು, ದಾರ ಸುರುಳಿ ಬಿಚ್ಚಿಕೊಂಡಿತು, ಗರಿ, ಕೂದಲು, ಕಣ್ಣು ಎಲ್ಲ ಮೇಜಿನ ಮೇಲೆ ಉದುರಿದವು. ಮತ್ತೆ ಬಿಗಿಯಾಗಿ ಕಟ್ಟಿದಳು, ಮೇಣ ಸವರಿ ಕಟ್ಟಿದಳು. ಮತ್ತೆ ಅದೇ ಕತೆ. ಅವಳು ಬ್ಲೇಡು ಕೆಳಗಿಟ್ಟು, “ಇವರು ಹೇಳಿದ್ದೇ ಸರಿ ಕಾಣುತ್ತೆ,” ಎಂದಳು. ಗಂಡ ಹೇಳಿದ್ದು ಸರಿ ಎಂದು ಅವಳ ಬಾಯಲ್ಲಿ ಕೇಳಿದ್ದು ಅದೇ ಮೊದಲು.

ಆಗ ಭಾವ ತಮ್ಮ ಹೊಸ ರೆಡಿಮೇಡ್ ಶರಟು ಹಿಡಿದುಕೊಂಡು ಬಂದರು. ಒಂದು ಗುಂಡಿಯ ದಾರದ ತುದಿ ನೇತಾಡುತ್ತಿತ್ತಂತೆ, ಎಳೆದರಂತೆ, ಗುಂಡಿ ಕೈಗೇ ಬಂತಂತೆ. ಅಷ್ಟಕ್ಕೆ ಬಿಡದೆ ಪಕ್ಕದ್ದನ್ನೂ ಎಳೆದು ನೋಡಿದರಂತೆ. ನಾನು ಫ್ಯಾಕ್ಟರಿಯವರನ್ನೂ ಭಾವನನ್ನೂ ಒಟ್ಟಿಗೆ ಬೈಯುತ್ತಾ ಗುಂಡಿ ಹಾಕಲು ಕೂತೆ. “ಮೆಷಿನ್ನಲ್ಲಿ ಸರಸರ ಸುತ್ತಿ ಬಿಟ್ಟುಬಿಡ್ತಾರೆ, ಗಂಟೇ ಹಾಕಲ್ಲ. ಒಂದು ಎಳೆ ಹೋದ್ರೆ ಎಲ್ಲ ಹೋಯ್ತು. ನಾನು ನೋಡಿ, ಒಂದೊಂದು ತೂತಿಗೂ ಗಂಟು ಹಾಕಿ ಮುಂದಕ್ಕೆ ಹೋಗೋದು. ಒಂದು ಕಿತ್ರೂ ಇನ್ನೊಂದು ಹಿಡಿದಿರುತ್ತೆ. ಕೆಲಸ ಅಂದ್ರೆ ಹಾಗಿರ್ಬೇಕು.”

ಭಾವ ಇದನ್ನೆಲ್ಲ ಎಂದೂ ಕಿವಿಗೆ ಹಾಕಿಕೊಂಡವರಲ್ಲ. ಹಾಕಿಕೊಂಡವಳು ಅಕ್ಕ. ಎದ್ದು ಬಂದು ನನ್ನ ಕೈಯಿಂದ ಶರಟು ಕಿತ್ತುಕೊಂಡು, ಗುಂಡಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಕತ್ತರಿ ತಗೊಂಡು ನಾನು ಹಾಕಿದ ಒಂದು ಎಳೆಯನ್ನು ಕತ್ತರಿಸಿದಳು. ಗುಂಡಿ ಅಲುಗಾಡಲಿಲ್ಲ.

ಅವತ್ತಿನಿಂದ ಹೊಸ ರೀತಿ ಶುರುವಾಯಿತು. ಬಾಲದ ಕೂದಲು ಕಟ್ಟಿದ ಕೂಡಲೇ ದಾರದ ತುದಿಯನ್ನು ಅದೇ ಸುತ್ತುಗಳ ಕೆಳಗೆ ನುಗ್ಗಿಸಿ ಎಳೆದು ಗಂಟು. ಗರಿ ಕಟ್ಟಿ ಮತ್ತೆ ಗಂಟು. ಕಣ್ಣಿಗೆ ಬೇರೆ, ತಲೆಗೆ ಬೇರೆ. ಒಂದರ ಹಂಗು ಇನ್ನೊಂದಕ್ಕಿಲ್ಲ. ಆದರೆ ಗಂಟು ದಪ್ಪಗಾದರೆ ಹುಳ ನೀರಿನಲ್ಲಿ ವಾಲುತ್ತದೆ, ಆದ್ದರಿಂದ ದಾರ ತುಂಡಾಗುವುದಕ್ಕೆ ಒಂದು ಕೂದಲೆಳೆಯಷ್ಟು ಮುಂಚೆ ನಿಲ್ಲುವಂತೆ ಬಿಗಿಯಬೇಕು. ಈ ಅಂದಾಜು ಕೈಗವಸಿಗೆ ಸಿಗುವುದಲ್ಲ. ಅಂಟು ಮುಟ್ಟದೆ ಅವಳ ಬೆರಳಿನ ಗಾಯ ಅಷ್ಟೊತ್ತಿಗೆ ಮಾಗಿ ಹೊಸ ಚರ್ಮ ಬಂದಿತ್ತು. ಆ ಗಂಟಿನಲ್ಲಿ ಅರ್ಧ ಪಾಲು ನನ್ನದು ಎಂದು ನಾನು ಈಗಲೂ ಹೇಳಿಕೊಳ್ಳುತ್ತೇನೆ. ಕಾಲು ಪಾಲು ಎನ್ನುತ್ತಾಳೆ ಅವಳು.

ಗಡ್ಡದವರು ಬಂದ ದಿನ ಭಾವ ನನ್ನನ್ನೂ ಅಕ್ಕನನ್ನೂ ಒಳಗೆ ಕರೆದು, “ಅಂಟಿಲ್ಲ ಅಂತ ಬಾಯಿಬಿಡಬೇಡಿ. ಮೇಲೆ ಹೊಳೀತಿದೆಯಲ್ಲ, ಯಾರಿಗೆ ಗೊತ್ತಾಗುತ್ತೆ?” ಎಂದು ಪಿಸುಗುಟ್ಟಿದರು. ಅಕ್ಕ ಅವರನ್ನು ದಾಟಿ ಅಂಗಡಿಗೆ ಹೋದಳು. ಎಂದೂ ಮುಂದೆ ಬಂದವಳಲ್ಲ.

“ಇದರಲ್ಲಿ ಅಂಟಿಲ್ಲ,” ಎಂದಳು ನೇರವಾಗಿ. “ನನ್ನ ಕೈಗೆ ಆಗಿಬರಲ್ಲ, ಬಿಟ್ಟಿದೀನಿ. ಬೇರೆ ಥರ ಕಟ್ಟಿದೀನಿ. ನೋಡಿ, ಬೇಕಾದ್ರೆ ತಗೊಳ್ಳಿ.”

ಗಡ್ಡದವರ ಹುಬ್ಬು ಮೇಲೆ ಹೋಯಿತು. “ಏನಮ್ಮ, ಅಂಟಕ್ಕನೇ ಅಂಟಿಲ್ಲ ಅಂದ್ರೆ?” ಎಂದರು. ಕೊನೆಗೆ ಹಳೆಯ ಪರಿಚಯಕ್ಕೆ ಕಟ್ಟುಬಿದ್ದವರಂತೆ ಒಂದೇ ಒಂದು ಹುಳ ಎತ್ತಿಕೊಂಡು, ಉಳಿದದ್ದನ್ನು ಅಲ್ಲೇ ಬಿಟ್ಟು ಹೊರಟುಹೋದರು. ಭಾವ ತಲೆ ಮೇಲೆ ಕೈಹೊತ್ತು ಕೂತರು. ನಾನು ಅಂದು ಹೊಲಿದ ಹೊಲಿಗೆಯನ್ನೆಲ್ಲ ಮರುದಿನ ಬಿಚ್ಚಿ ಹೊಲಿಯಬೇಕಾಯಿತು. ಅಕ್ಕ ಮಾತ್ರ ಎಂದಿನಂತೆ ಮೇಜಿಗೆ ಹೋದಳು. ಅವಳ ಬೆನ್ನು ನೋಡಿದರೆ ಸಾಕು, ಅವಳೂ ಹೆದರಿದ್ದಾಳೆ ಎಂದು ನನಗೆ ತಿಳಿಯುತ್ತಿತ್ತು.

ಅವರು ತಿರುಗಿ ಬಂದದ್ದು ಕೆಲವು ದಿನಗಳ ಮೇಲೆ. ಬೂಟಿನ ಕೆಸರನ್ನೂ ಒರೆಸದೆ ಒಳಬಂದು, ಕಪಾಟಿನ ಗಾಜಿನ ಮೇಲೆ ಆ ಹುಳ ಇಟ್ಟರು. ಕೂದಲು ಅರ್ಧ ಹೋಗಿತ್ತು. ಒಂದು ಕಣ್ಣು ನಜ್ಜುಗುಜ್ಜಾಗಿತ್ತು, ಆದರೆ ಇದ್ದಲ್ಲೇ ಇತ್ತು. ದಾರ ಎರಡು ಕಡೆ ತುಂಡಾಗಿತ್ತು.

“ದೋಣಿಲಿದ್ದ ಅಷ್ಟು ಜನಕ್ಕೂ ಇದೊಂದೇ,” ಎಂದರು. “ಮೀನು ಕಚ್ಚೋದು, ಬಿಡಿಸೋದು, ಮತ್ತೆ ಎಸೆಯೋದು. ಕೈಯಿಂದ ಕೈಗೆ ಹೋಯ್ತು. ಈಗ ನಿಜ ಹೇಳಮ್ಮ. ಯಾವ ಅಂಟು ಇದು? ಯಾರಿಗೂ ಹೇಳಲ್ಲ.”

ಅಕ್ಕ ನನ್ನ ಸೂಜಿ ಈಸಿಕೊಂಡು, ಅವರ ಕಣ್ಣೆದುರಿಗೇ ಹುಳ ಬಿಚ್ಚಲು ಕೂತಳು. ಬರಿಗೈ. ತಲೆಯ ಮೇಲಿನ ವಾರ್ನಿಶ್ ಕೆರೆದು, ಗಂಟಿಗೆ ಸೂಜಿ ಹಾಕಿ ಎತ್ತಿ ದಾರ ಬಿಡಿಸಿ ಗಾಜಿನ ಮೇಲಿಟ್ಟಳು. ಕಣ್ಣಿನ ಗಂಟು ಬಿಡಿಸಿ ಕಣ್ಣನ್ನು ಪಕ್ಕಕ್ಕಿಟ್ಟಳು. ಆಮೇಲೆ ಗರಿ, ಆಮೇಲೆ ಕೂದಲು. ಪ್ರತಿ ಗಂಟನ್ನೂ ಬೇರೆ ಬೇರೆಯಾಗಿ ಬಿಡಿಸಬೇಕಿತ್ತು, ಹೊತ್ತು ಹಿಡಿಯಿತು. ಕೊನೆಗೆ ಸೀಸದ ತಲೆಯ ಬೋಳು ಗಾಳವೊಂದು ಉಳಿಯಿತು. ಅದನ್ನು ಸೆರಗಿನಿಂದ ಒರೆಸಿ ಗಡ್ಡದವರ ಅಂಗೈಯಲ್ಲಿ ಇಟ್ಟಳು. ಅವರು ಉಗುರಿನಿಂದ ಕೆರೆದು ನೋಡಿದರು. ಏನೂ ಅಂಟಿರಲಿಲ್ಲ.

“ಕಟ್ಟಿದೀನಿ, ಅಷ್ಟೆ,” ಎಂದಳು ಅಕ್ಕ.

ಗಡ್ಡದವರು ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. ಎಂದಿನಷ್ಟೇ ಮಾಲು ಬೇಕು, ಬೇಗ ಬೇಕು ಎಂದರು. ಅಷ್ಟು ಆಗುವುದಿಲ್ಲ, ಬೇಗವೂ ಆಗುವುದಿಲ್ಲ, ಇದು ನಿಧಾನದ ಕೆಲಸ ಎಂದಳು ಅಕ್ಕ. ಭಾವ ಏನೋ ಹೇಳಲು ಬಾಯಿ ತೆರೆದರು. ನಾನು ಅವರನ್ನು ನೋಡಿದ ರೀತಿಗೆ ಮುಚ್ಚಿದರು. “ಸರಿ, ಕಾಯ್ತೀನಿ,” ಎಂದರು ಗಡ್ಡದವರು. ಯಾರಿಗೂ ಎಂದೂ ಕಾಯದ ಮನುಷ್ಯ.

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಚೀಲ ತಗೊಂಡು ತರಕಾರಿಗೆಂದು ಬೀದಿಗೆ ಬಂದೆ. ತರಕಾರಿ ಬೇಕಾಗಿರಲಿಲ್ಲ. ತರಕಾರಿಯವಳು ತೂಕ ಮಾಡುತ್ತಿದ್ದಂತೆ, ಅವಳು ಕೇಳದಿದ್ದರೂ ಎಲ್ಲ ಹೇಳಿದೆ. ಗಂಟು ಗಂಟಾಗಿ ಬಿಚ್ಚಿದ್ದು, ಟೋಪಿ ತೆಗೆದದ್ದು, ಒಂದೂ ಬಿಡದೆ. ಅವಳಿಗೆ ಗಾಳವೂ ಗೊತ್ತಿಲ್ಲ, ಹುಳವೂ ಗೊತ್ತಿಲ್ಲ. “ಯಾರಮ್ಮ ಅವರು, ನಿಮ್ಮ ಸ್ವಂತ ಅಕ್ಕನಾ?” ಎಂದು ಕೇಳಿದಳು.

“ಅಲ್ಲ,” ಎಂದೆ. “ನನ್ನ ಓರಗಿತ್ತಿ.” ಹೇಳುವಾಗ ನನ್ನ ದನಿ ಬೀದಿಯ ಆ ಕೊನೆಗೂ ಕೇಳಿಸಿರಬೇಕು.